ಬೆಳಗನ್ನು ಕಾಯುವುದು, ಪ್ರಭೆಯನ್ನು ಕಾಯುವುದು



ಸ್ವೀಡನ್ನಿನ ಉತ್ತರ ತುದಿಯ ಅಬಿಸ್ಕೊದಿಂದ ದಕ್ಷಿಣದ ಹೇಮಾವಾನ್‌ವರೆಗೆ ಬೆಟ್ಟ, ಕಣಿವೆ, ಜೌಗುಗಳನ್ನು ಹಾಯ್ದು ಹೋಗುವ ಸುಮಾರು 440 ಕಿ.ಮೀ. ಉದ್ದದ ಕಾಲುದಾರಿಯೊಂದಿದೆ. ಕುಂಗ್ಸ್‌ಲೆಡೆನ್ ಎಂದು ಅದರ ಹೆಸರು. ನಡುಬೇಸಿಗೆಯಲ್ಲಿ ಅಲ್ಲಿ ನಡೆಯುವುದು ಹಿತ, ಆದರೆ ಆಗ ಅಬಿಸ್ಕೊದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಧ್ರುವಪ್ರಭೆಯನ್ನು ಕಾಣುವ ಆಸೆಯುಳ್ಳವರು ಕತ್ತಲು ಮರಳುವ ಆಗಸ್ಟ್ ಕೊನೆಯವರೆಗೆ ತಡೆಯಬೇಕು. ಕತ್ತಲಿನ ಹಿಂದೆಯೇ ಚಳಿ, ಮಳೆ, ಎತ್ತರದ ಜಾಗಗಳಲ್ಲಿ ಹಿಮವೂ ಬರುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ತಂಗುಮನೆಗಳು ಮುಚ್ಚುತ್ತವೆ. ಆ ಕೆಲವೇ ವಾರಗಳಲ್ಲಿ ಬೆನ್ನ ಮೇಲೆ ಹೊರೆ ಹೊತ್ತು ನಡೆಯುವವರನ್ನು ಈ ಆಗಮನ ಕಾಲದಲ್ಲಿ ನೆನೆಯೋಣ. ನಾವೂ ಕಾಯುವ ಜನವೇ.

ಸೂರ್ಯನಿಂದ ಸಿಡಿದ ವಿದ್ಯುತ್ಕಣಗಳು ಒಂದರಿಂದ ಮೂರು ದಿನ ಪಯಣಿಸಿ ಭೂಮಿಯ ಕಾಂತಕ್ಷೇತ್ರವನ್ನು ಕಲಕುತ್ತವೆ. ಆಗ ಧ್ರುವಗಳ ಸುತ್ತ, ನೂರು ಕಿ.ಮೀ.ಗೂ ಮೇಲೆ, ಗಾಳಿಯ ಆಮ್ಲಜನಕ ಹಸಿರಾಗಿ ಹೊಳೆಯುತ್ತದೆ. ಇನ್ನೂ ಮೇಲೆ ಕೆಂಪಾಗಿ. ಅದೇ ಧ್ರುವಪ್ರಭೆ. ಮೋಡಗಳು ಇರುವುದು ಅದಕ್ಕಿಂತ ಬಹಳ ಕೆಳಗೆ. ಆದ್ದರಿಂದ ಮೋಡ ಕವಿದ ರಾತ್ರಿ ಬೇಸರದಿಂದ ಮಲಗಿದವನ ನೆತ್ತಿಯ ಮೇಲೆಯೇ ಆ ಬೆಳಕು ಕುಣಿಯುತ್ತಿರಬಹುದು. ಇಷ್ಟು ಹೇಳಿ ನಿಲ್ಲಿಸಿದರೆ ಉಪದೇಶ ಸುಲಭ. ಆದರೆ ನಕ್ಷತ್ರಗಳೆಲ್ಲ ಸ್ಪಷ್ಟವಾಗಿ ಕಾಣುವ ರಾತ್ರಿಯಲ್ಲೂ ಪ್ರಭೆ ಬಾರದೇ ಇರುವುದುಂಟು. ಅಬಿಸ್ಕೊ ಸ್ವೀಡನ್ನಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಒಂದು. ಅಲ್ಲಿಯೂ ಪ್ರಭೆ ಕಂಡೇ ಕಾಣುತ್ತದೆಂದು ಯಾರೂ ಯಾರಿಗೂ ಮಾತು ಕೊಡಲಾರರು.

130ನೆಯ ಕೀರ್ತನೆಯಲ್ಲಿ ಬೆಳಗನ್ನು ಎದುರುನೋಡುವ ಕಾವಲುಗಾರರು ಬರುತ್ತಾರೆ. ಅವರ ರಾತ್ರಿ ಎಷ್ಟೇ ದೀರ್ಘವಾಗಿರಲಿ, ಬೆಳಗಾಗುವುದು ಖಂಡಿತ. ಪ್ರಭೆಗಾಗಿ ನಡೆಯುವವನಿಗೆ ಆ ಖಾತ್ರಿಯಿಲ್ಲ. ನಮ್ಮ ಬದುಕಿನಲ್ಲಿ ಈ ಎರಡು ನಿರೀಕ್ಷೆಗಳೂ ಇವೆ, ಮತ್ತು ಇವೆರಡನ್ನೂ ಕಲೆಸುವುದು ದೊಡ್ಡ ಅನ್ಯಾಯವೆಂದು ನಾನು ನಂಬುತ್ತೇನೆ. ಕರ್ತನು ಬರುವನು, ನಮ್ಮನ್ನು ಕೈಬಿಡನು ಎಂಬುದು ಬೆಳಗಿನ ನಿರೀಕ್ಷೆ, ಅದಕ್ಕೆ ವಾಗ್ದಾನವಿದೆ. ಕಾಯಿಲೆ ವಾಸಿಯಾಗಲಿ, ಮಡಿಲು ತುಂಬಲಿ, ಮುನಿದು ಹೋದ ಮಗ ಮನೆಗೆ ಮರಳಲಿ ಎಂಬುದು ಪ್ರಭೆಯ ನಿರೀಕ್ಷೆ. ಬೇಡಿಕೊಳ್ಳೋಣ, ಕಣ್ಣೀರಿಟ್ಟು ಬೇಡಿಕೊಳ್ಳೋಣ. ಆದರೆ ಅದು ಸಿಗದವಳಿಗೆ "ನಿನ್ನ ನಂಬಿಕೆ ಸಾಲದು" ಎನ್ನುವ ಅಧಿಕಾರವನ್ನು ದೇವರು ನಮ್ಮಲ್ಲಿ ಯಾರಿಗೂ ಕೊಟ್ಟಿಲ್ಲ.

2024ರ ಮೇ 10ರ ರಾತ್ರಿ ಭಾರೀ ಸೌರ ಬಿರುಗಾಳಿ ಎದ್ದಾಗ, ಬೆಂಗಳೂರಿನ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆಯಲ್ಲೂ ಆಕಾಶದ ಕೆಂಪು ಬೆಳಕು ಕ್ಯಾಮೆರಾಗಳಲ್ಲಿ ಸೆರೆಯಾಯಿತು. ಸಾವಿರಾರು ಮೈಲಿ ದೂರ ಹೋಗಿ ಕಾದವರು ಕಾಣದೆ ಮರಳಿದ್ದಾರೆ; ಇಲ್ಲಿ ಅದು ತಾನಾಗಿ ಬಂತು. ಕೃಪೆಯ ಲೆಕ್ಕವನ್ನು ನಾವು ಬಿಡಿಸಲಾರೆವು.

ಹಾಗಾದರೆ ಕಾಯುವವರು ಮಾಡಬೇಕಾದ್ದೇನು? ಕುಂಗ್ಸ್‌ಲೆಡೆನ್ ದಾರಿಯ ತಂಗುಮನೆಗಳಲ್ಲಿ ಒಂದು ಪದ್ಧತಿಯಿದೆ. ಬಂದವರೇ ತೊರೆಯಿಂದ ನೀರು ತರಬೇಕು, ಒಲೆಗೆ ಕಟ್ಟಿಗೆ ಸೀಳಬೇಕು, ನೆಲ ಗುಡಿಸಬೇಕು. ಬೆಳಿಗ್ಗೆ ಹೊರಡುವ ಮುನ್ನ ಮುಂದೆ ಬರುವವರಿಗಾಗಿ ಬಕೆಟ್ಟನ್ನೂ ಕಟ್ಟಿಗೆಯ ಪೆಟ್ಟಿಗೆಯನ್ನೂ ತುಂಬಿಸಿಡಬೇಕು. ಹಿಂದಿನ ರಾತ್ರಿ ಪ್ರಭೆ ಕಂಡವರಿಗೂ ಕಾಣದವರಿಗೂ ಕೆಲಸ ಒಂದೇ. ಏನೂ ಕಾಣದೆ, ಒದ್ದೆ ಬೂಟಿನಲ್ಲಿ ಹೊರಟವನು ಸೀಳಿಟ್ಟ ಕಟ್ಟಿಗೆಯಿಂದ ಮರುದಿನ ಬಂದವರು ಮೈ ಕಾಯಿಸಿಕೊಳ್ಳುತ್ತಾರೆ. ಅವನ ಆ ಕೆಲಸವನ್ನು ನಾನು ಪ್ರಾರ್ಥನೆಯೆಂದೇ ಎಣಿಸುತ್ತೇನೆ.

ನಮ್ಮ ಸಭೆಯಲ್ಲಿ ಬಹುಕಾಲದಿಂದ ಕಾಯುತ್ತಿರುವ ಮನೆಗಳು ಯಾವುವೆಂದು ನಿಮಗೆ ಗೊತ್ತು. ಕ್ರಿಸ್ಮಸ್ ಬರುವ ಮುನ್ನ ಅವರ ಮನೆಗೆ ಹೋಗಿ. ಯಾವ ಭರವಸೆಯ ಮಾತನ್ನೂ ಹೊತ್ತುಕೊಂಡು ಹೋಗಬೇಡಿ. ಊಟ ಕೊಂಡುಹೋಗಿ, ಆಸ್ಪತ್ರೆಯಲ್ಲಿ ಒಂದು ರಾತ್ರಿ ಅವರ ಬದಲು ನೀವು ಎಚ್ಚರವಾಗಿರಿ.