ಈಗ ಕುಡಿಯಲ್ಲ

ಅಪ್ಪನ ಮಾರುತಿ 800 ಮಾರೋದು ಅಂತಾಯ್ತು. 2004ರ ಗಾಡಿ. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಊರಲ್ಲಿ ಕೊಟ್ಟಿಗೆ ಪಕ್ಕ ಸುಮ್ಮನೆ ನಿಂತಿತ್ತು, ನಾನೇ ಬೆಂಗಳೂರಿಗೆ ತಂದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ. ಅಂದ್ರೆ ಪಿಸ್ಟನ್ ರಿಂಗ್ ಸವೆದು ಎಂಜಿನ್ ಆಯಿಲ್ ಮೇಲೆ ಹತ್ತಿ ಪೆಟ್ರೋಲ್ ಜೊತೆ ಉರೀತಾ ಇದೆ ಅಂತ.

ಮೆಕ್ಯಾನಿಕ್ ಸೀದಾ ಹೇಳಿದ. "ಎಂಜಿನ್ ಬಿಚ್ಚಿದ್ರೆ ಮಾರೋ ದುಡ್ಡಲ್ಲಿ ಅರ್ಧ ಹೋಗುತ್ತೆ ಸಾರ್. ಒಂದು ಬಾಟ್ಲಿ ಹಾಕೋಣ, ಎರಡು ತಿಂಗಳು ಹೊಗೆ ಕಾಣಲ್ಲ."

ಜೇನಿನ ಹಾಗೆ ಮಂದವಾದ ದ್ರವ. ಆಯಿಲ್ ಜೊತೆ ಸೇರಿ ಅದನ್ನೂ ಮಂದ ಮಾಡುತ್ತೆ, ಮಂದವಾದ ಆಯಿಲ್ ಸವೆದ ಸಂದಿಯಲ್ಲಿ ಬೇಗ ನುಸುಳಲ್ಲ, ಹೊಗೆ ಕಮ್ಮಿ. ರಿಂಗ್ ಮಾತ್ರ ಸವೆದ ಹಾಗೇ ಇರುತ್ತೆ. ನಾವು ಕೋಡಲ್ಲಿ ಎಕ್ಸೆಪ್ಷನ್ ಹಿಡಿದು ಏನೂ ಮಾಡದೆ ಸುಮ್ಮನೆ ಬಿಡ್ತೀವಲ್ಲ, ಅದೇ. ಲಾಗ್ ಕ್ಲೀನಾಗಿ ಕಾಣುತ್ತೆ.

ಎಲ್ಲ ಅಡಿಟಿವ್ ಮೋಸ ಅಂತ ನಾನು ಹೇಳ್ತಿಲ್ಲ. ಡಬ್ಬದಲ್ಲಿ ಬರೋ ಒಳ್ಳೆ ಎಂಜಿನ್ ಆಯಿಲ್‌ನಲ್ಲೇ ಕೊಳೆ ತೆಗೆಯೋದು, ಸವೆತ ತಡೆಯೋದು ಎಲ್ಲ ಬೆರೆಸಿರ್ತಾರೆ. ಇಂಜೆಕ್ಟರ್‌ನಲ್ಲಿ ಕಟ್ಟಿದ ಮಸಿ ಕರಗಿಸೋ ಕ್ಲೀನರ್ ಪೆಟ್ರೋಲಿಗೆ ಹಾಕಿದ್ರೆ ಮಸಿ ನಿಜವಾಗ್ಲೂ ಕರಗುತ್ತೆ. ನನ್ನ ಗಾಡಿಗೆ, ನಾನೇ ಓಡಿಸೋಕೆ, ಆ ಮಂದ ಬಾಟ್ಲಿ ಹಾಕ್ಕೊಂಡ್ರೂ ಯಾರು ಕೇಳ್ತಾರೆ? ಮಾರೋ ಹಿಂದಿನ ದಿನ ಹಾಕೋದು ಬೇರೆ.

ಊರ ಕಡೆ ಜಾತ್ರೆಗೆ ಹಸು ಹೊಡ್ಕೊಂಡು ಹೋಗೋರು ಕೆಲವರು ಹಿಂದಿನ ಸಂಜೆ ಹಾಲು ಕರೀತಿರಲಿಲ್ಲ. ಬೆಳಿಗ್ಗೆ ಕೆಚ್ಚಲು ತುಂಬಿ ಕೊಡದ ಹಾಗೆ ಕಾಣೋದು. ಅಪ್ಪ ಅಂಥವರನ್ನ ಬೈಯ್ಯೋರು, ಹಸುವಿನ ನೋವಿಗಾಗಿ ಒಂದು ಸಲ, ಕೊಳ್ಳೋನಿಗಾಗಿ ಇನ್ನೊಂದು ಸಲ. ಇದು ನೆನಪಿದ್ದೂ ನಾನು ಬಾಟ್ಲಿ ಹಾಕಿಸಿದೆ. ಅಪ್ಪನಿಗೆ ಹೇಳಲಿಲ್ಲ.

ಕೊಳ್ಳೋಕೆ ಬಂದವನು ನೆಲಮಂಗಲ ಕಡೆಯ ಹುಡುಗ, ಅವನಿಗೆ ಮೊದಲನೇ ಕಾರು. ಬಾನೆಟ್ ಎತ್ತಿ ನೋಡಿದ, ಆಕ್ಸಿಲರೇಟರ್ ಕೊಟ್ಟು ಸೈಲೆನ್ಸರ್ ಹಿಂದೆ ನಿಂತ. ಹೊಗೆ ಇಲ್ಲ. "ಅಣ್ಣಾ, ಆಯಿಲ್ ಕುಡಿಯುತ್ತಾ?"

"ಈಗ ಕುಡಿಯಲ್ಲ."

ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅದೇ ನನ್ನನ್ನ ಕಾಡ್ತಿರೋದು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದ್ರೆ ಎಂಜಿನ್ ನಾಕಿಂಗ್ ನಿಲ್ಲುತ್ತೆ ಅಂತ ಕಂಡುಹಿಡಿದ. ನಿಜವಾಗ್ಲೂ ನಿಲ್ತು. ಮಾರಿದ್ದು 'ಎಥೈಲ್' ಅನ್ನೋ ಹೆಸರಲ್ಲಿ. ಹೆಸರು ಸುಳ್ಳಲ್ಲ, ಸೀಸ ಅನ್ನೋ ಪದ ಮಾತ್ರ ಬಿಟ್ಟಿದ್ರು. ಕಾರಲ್ಲಿ ಕೂತವನಿಗೆ ಸದ್ದು ನಿಂತ ಸುಖ, ರಸ್ತೆ ಪಕ್ಕದ ಮಕ್ಕಳ ರಕ್ತಕ್ಕೆ ಸೀಸ. ನಮ್ಮ ದೇಶದ ಬಂಕುಗಳಿಂದ ಅದು ಹೋಗೋಕೆ 2000 ಇಸವಿ ಬರಬೇಕಾಯ್ತು. ನನ್ನದು ಒಂದು ಹಳೇ ಕಾರಿನ ವ್ಯವಹಾರ, ಅದಕ್ಕೂ ಇದಕ್ಕೂ ಹೋಲಿಕೆ ಅತಿಯಾಯ್ತು, ಒಪ್ತೀನಿ. ಆದ್ರೆ ಪದ ಬಿಡೋ ಜಾಣತನ ಒಂದೇ.

ಎರಡು ತಿಂಗಳಾದ ಮೇಲೆ ತಡೆಯಲಾರದೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ರಿಂಗ್ ಕೆಲಸಕ್ಕೆ ಅರ್ಧ ದುಡ್ಡು ನಾನು ಕೊಡ್ತೀನಿ ಅಂದೆ. ಬೈತಾನೆ ಅಂತ ಕಾದೆ.

"ಹೋದ ವಾರದಿಂದ ಹೊಗೆ ಶುರುವಾಗಿದೆ ಅಣ್ಣಾ. ನೀವ್ಯಾಕೆ ತಲೆ ಕೆಡಿಸ್ಕೋತೀರಾ, ನಾನೂ ಮಾರೋಣ ಅಂತಿದ್ದೀನಿ. ಯಾವ ಬಾಟ್ಲಿ ಹಾಕಿದ್ದು ಅಂತ ವಾಟ್ಸಾಪ್ ಮಾಡಿ."

ಅವನೇ ಒಂದು ಮೆಸೇಜನ್ನೂ ಹಾಕಿದ್ದಾನೆ, ಜ್ಞಾಪಿಸೋಕೆ. ನಾನು ನೋಡಿದ್ದೀನಿ ಅಂತ ಅವನಿಗೂ ಕಾಣುತ್ತೆ. ನಾಲ್ಕು ದಿನ ಆಯ್ತು.