ತಿಳಿಯದವರ ಪರವಾಗಿ

ಓಆರ್‌ಎಸ್ ಪೊಟ್ಟಣದ ಮೇಲಿನ ನಾಲ್ಕು ಸಾಲುಗಳನ್ನು ನಾವು ಎಂದಾದರೂ ಗಮನವಿಟ್ಟು ಓದಿದ್ದೇವೆಯೇ? ಪುಡಿಯಷ್ಟನ್ನೂ ಒಂದು ಲೀಟರ್ ಕುಡಿಯುವ ನೀರಿಗೆ ಹಾಕಿ ಕದಡಬೇಕು, 24 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಓದಲು ಎಷ್ಟು ಸುಲಭ! ಆದರೆ ಭೇದಿಯಿಂದ ಸೊರಗಿದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಗಾಬರಿಯಲ್ಲಿ ಅದಷ್ಟನ್ನೂ ಒಂದೇ ಲೋಟಕ್ಕೆ ಸುರಿದರೆ ಉಪ್ಪಿನಂಶ ಮಿತಿಮೀರಿ ಮಗುವಿಗೇ ಕೇಡು. ಆ ಮನೆಯಲ್ಲಿ ಲೀಟರ್ ಅಳೆಯಲು ಏನಿದೆ? ಪೊಟ್ಟಣದ ಮೇಲೆ ಅಚ್ಚಾದ ಭಾಷೆ ಆಕೆಗೆ ಬರುತ್ತದೆಯೇ? ಆಕೆಗಿಂತ ಮೊದಲೇ ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದೇ ತಾಂತ್ರಿಕ ಬರಹಗಾರರ ವೃತ್ತಿ.

ಬೆಂಗಳೂರಿನ ಕಂಪನಿಗಳಲ್ಲಿ ಟೆಕ್ನಿಕಲ್ ರೈಟರ್‌ಗಳು ಬಹಳ ಮಂದಿ. ಎಂಜಿನಿಯರ್ ಹೇಳಿದ್ದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಡುವವರು ಎಂದೇ ಅವರನ್ನು ಹಲವರು ಬಗೆಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಂದು ವಿಷಯ ಕೈವಶವಾದ ಮೇಲೆ, ಅದು ತಿಳಿಯದಿದ್ದಾಗ ಎಲ್ಲಿ ಎಡವುತ್ತಿದ್ದೆವು ಎಂಬುದು ನಮಗೆ ಮರೆತೇಹೋಗುತ್ತದೆ. ಬಲ್ಲವರ ದೊಡ್ಡ ಕೊರತೆ ಈ ಮರೆವೇ ಅಲ್ಲವೇ? ಯಂತ್ರವನ್ನು ಪೂರ್ತಿ ಕಲಿತೂ ಮೊದಲ ದಿನದ ತಬ್ಬಿಬ್ಬನ್ನು ಜತನವಾಗಿ ಕಾಪಾಡಿಕೊಳ್ಳುವುದು ಸಣ್ಣ ಸಾಧನೆಯಲ್ಲ.

ಆ ಕಾಳಜಿ ಇಲ್ಲದಿದ್ದರೆ ಏನಾಗುತ್ತದೆ? 1986ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಊರಿನಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ಥೆರಾಕ್-25 ವಿಕಿರಣ ಯಂತ್ರದ ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದು ಮೂಡಿತು. ಅದೇನೆಂದು ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಇಂಥ ಸಂದೇಶಗಳು ಆಗಾಗ ಬರುತ್ತಲೇ ಇದ್ದುದರಿಂದ ಯಂತ್ರ ನಡೆಸುತ್ತಿದ್ದಾಕೆ ಮುಂದುವರಿಸುವ ಕೀಲಿ ಒತ್ತಿದರು. ಮಿತಿಮೀರಿದ ವಿಕಿರಣಕ್ಕೆ ಸಿಕ್ಕ ರೋಗಿ ಕೆಲವು ತಿಂಗಳಲ್ಲಿ ತೀರಿಕೊಂಡರು. ಮೂರೇ ವಾರಗಳಲ್ಲಿ ಅಲ್ಲಿಯೇ ಮತ್ತೊಬ್ಬರಿಗೂ ಹಾಗೇ ಆಯಿತು. ಮೂಲ ದೋಷ ಸಾಫ್ಟ್‌ವೇರಿನದು, ಒಪ್ಪೋಣ. ಆದರೂ, ‘ನಿಲ್ಲಿ, ರೋಗಿಯನ್ನು ನೋಡಿ’ ಎಂಬ ಒಂದು ಸಾಲು ಆ ಕೈಯನ್ನು ತಡೆಯುತ್ತಿರಲಿಲ್ಲವೇ?

ಎಚ್ಚರಿಕೆ ಯಾವಾಗಲೂ ಕ್ರಿಯೆಗಿಂತ ಮುಂಚೆ ಬರಬೇಕು ಎಂಬುದು ಈ ವೃತ್ತಿಯ ಪಾಠ. ‘ಮುಚ್ಚಳ ತೆಗೆಯಿರಿ’ ಎಂದ ಮೇಲೆ ‘ಮೊದಲು ವಿದ್ಯುತ್ ಆರಿಸಿ’ ಎಂದರೆ ಆ ಹೊತ್ತಿಗೆ ಬೆರಳು ಒಳಗೆ ಹೋಗಿರುತ್ತದೆ. ನಮ್ಮ ಮಾತುಕತೆಗಳಲ್ಲಿ, ಮಕ್ಕಳಿಗೆ ಹೇಳುವ ಬುದ್ಧಿವಾದದಲ್ಲಿ ಈ ಕ್ರಮವನ್ನು ನಾವು ಎಷ್ಟು ಪಾಲಿಸುತ್ತೇವೆ? ಕೈ ಸುಟ್ಟ ಮೇಲೆ ಬೈಯುವುದೇ ನಮಗೆ ರೂಢಿ.

ಅಕ್ಷರ ಎಲ್ಲಿ ಸೋಲುತ್ತದೆ ಎಂಬುದನ್ನೂ ಈ ಬರಹಗಾರರು ಅರಿತಿರಬೇಕು. ಕೀಟನಾಶಕದ ಡಬ್ಬದ ಮೇಲೆ ಬಣ್ಣದ ತ್ರಿಕೋನವಿರುತ್ತದೆ: ಕೆಂಪಾದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಓದು ಬಾರದವರನ್ನೂ ಮನಸ್ಸಿನಲ್ಲಿಟ್ಟುಕೊಂಡ ಬರವಣಿಗೆ ಇದು, ಅದಕ್ಕೆ ಕೈಮುಗಿಯಬೇಕು. ಆದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹತ್ತಿಯ ಹೊಲಕ್ಕಿಳಿಯುವ ಕೂಲಿಯಾಳಿಗೆ ಆ ಬಣ್ಣಗಳ ಅರ್ಥವನ್ನು ಯಾರಾದರೂ ಹೇಳಿದ್ದಾರೆಯೇ?