ತೇರಿನ ಕೆಳಗೆ ಯಾರ ಹೆಸರು?

ಹೋದ ವರ್ಷ ಮುಂಬೈಯ ಒಂದು ಕಂಪನಿ ತನ್ನ ಹೊಸ ಕಚೇರಿಗಾಗಿ ನನ್ನಿಂದ ಆರು ಕಸೂತಿ ಪಟಗಳನ್ನು ಮಾಡಿಸಿತು. ಕೆಲಸ ಮುಗಿದ ಮೇಲೆ ಅಲ್ಲಿಂದ ಒಂದು ಮೇಲ್ ಬಂತು: ಪಟಗಳ ಪಕ್ಕ ಒಂದು ಫಲಕ ಹಾಕುತ್ತಿದ್ದೇವೆ, ವಿನ್ಯಾಸಕಾರರ ಹೆಸರು ಹೇಗೆ ಬರೆಯಬೇಕು ತಿಳಿಸಿ. ನಾನು ನನ್ನ ಹೆಸರು ಬರೆದು, ಕಾಗುಣಿತ ಎರಡು ಸಲ ನೋಡಿ, ಕಳಿಸಿಬಿಟ್ಟೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ನನ್ನನ್ನು ಇನ್ನೂ ಬಿಟ್ಟಿಲ್ಲ.

ನಾನು ಪುಣೆಯಲ್ಲಿರುವ ಸ್ವತಂತ್ರ ವಿನ್ಯಾಸಕಾರ. ಊರು ಧಾರವಾಡ. ಪುಸ್ತಕದ ಮುಖಪುಟ, ಅಂಗಡಿಯ ಲೋಗೊ, ನಾಟಕದ ಪೋಸ್ಟರ್, ಬಂದದ್ದೆಲ್ಲ ಮಾಡುತ್ತೇನೆ. ಆದರೆ ಕಸೂತಿ ಹಾಕಲು ನನಗೆ ಬರುವುದಿಲ್ಲ. ಹಾಕಿದವರು ಧಾರವಾಡದ ನಮ್ಮ ಓಣಿಯ ಕಾಕು. ಅವ್ವನ ಗೆಳತಿ, ನಲವತ್ತು ವರ್ಷದಿಂದ ಇಳಕಲ್ ಸೀರೆಗಳ ಮೇಲೆ ಸೂಜಿ ಓಡಿಸಿದವರು.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿ ಎಣಿಸಿ ಹಾಕುತ್ತಾರೆ. ಗಂಟು ಹಾಕುವುದಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತ್ಯ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ದಾರ ಒಂದು ಎಡೆ ಬಿಟ್ಟು ಒಂದು ಎಡೆ ಹೊಲಿಯುತ್ತಾ ಹೋಗುತ್ತದೆ; ಬಿಟ್ಟ ಎಡೆಗಳನ್ನು ಅದೇ ದಾರಿಯಲ್ಲಿ ಹಿಂತಿರುಗುವಾಗ ತುಂಬುತ್ತದೆ. ಕಂಪನಿಗೆ ಬೇಕಾಗಿದ್ದೂ ಅದೇ. ಪಟಗಳು ಎರಡು ಕೋಣೆಗಳ ನಡುವಿನ ಗಾಜಿನೊಳಗೆ ನಿಲ್ಲಬೇಕಿತ್ತು, ಎರಡೂ ಕಡೆಯಿಂದ ಕಾಣಬೇಕಿತ್ತು.

ನಾನು ಲ್ಯಾಪ್‌ಟಾಪಿನಲ್ಲಿ ಚೌಕುಳಿ ಹಾಕಿಕೊಂಡು ತೇರನ್ನು ಬಿಡಿಸಿದೆ. ಹೊಸತಾಗಿ ಕಾಣಲೆಂದು ಕಳಸವನ್ನೂ ಎರಡು ಬಾವುಟಗಳನ್ನೂ ತೇರಿನಿಂದ ಬಿಡಿಸಿ ಮೇಲೆ ತೇಲಿಬಿಟ್ಟೆ. ಕಾಗದ ನೋಡಿದ ಕಾಕು ನಕ್ಕರು.

“ಅಲ್ಲೋ ತಮ್ಮಾ, ಈ ಕಳಸ ಗಾಳ್ಯಾಗ ನಿಂತದಲ್ಲೋ. ದಾರ ಅಲ್ಲಿಗೆ ಹೆಂಗ ಹೋಗಬೇಕು? ಹೋದ್ರ ತಿರುಗಿ ಹೆಂಗ ಬರಬೇಕು?”

ಅವರು ಹೇಳಿದ್ದು ಸರಿ. ಬಿಡಿಯಾಗಿ ನಿಂತ ಭಾಗಕ್ಕೆ ದಾರ ಹೋಗಬೇಕಾದರೆ ಹಿಂದಿನಿಂದ ಜಿಗಿಯಬೇಕು, ಜಿಗಿದರೆ ಆ ಬದಿ ಕೆಡುತ್ತದೆ. ಮೂರು ದಿನ ಬಿಟ್ಟು ಅವರೇ ಒಂದು ಮಾದರಿ ಮಾಡಿ ತೋರಿಸಿದರು. ಬಾವುಟದಿಂದ ಬಾವುಟಕ್ಕೆ ಒಂದು ತೋರಣ, ತೋರಣದ ನಡುವಿನಿಂದ ಕಳಸಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಮುರಗಿ. ತೇರಿಗೆ ಜೀವ ಬಂದಿತ್ತು.

ಕಂಪನಿಯವರು ಮೆಚ್ಚಿದ್ದು ಆ ತೋರಣವನ್ನೇ. ಎರಡನೆಯ ಕೆಲಸ ಬಂತು: ಅದೇ ತೋರಣ ಬೇಕು, ಹತ್ತು ಪಟ ಬೇಕು. ನಾನು ನನ್ನ ಸಂಭಾವನೆ ಏರಿಸಿ ಹೇಳಿದೆ, ಒಪ್ಪಿದರು. ಕಾಕುಗೆ ಮಾತ್ರ ಹಳೆಯ ದರವನ್ನೇ ಹೇಳಿದೆ. ಅವರೂ ಒಪ್ಪಿದರು.

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಹೆಚ್ಚು ನಾಚಿಕೆ ಯಾಕೆಂದರೆ ಇದರ ಇನ್ನೊಂದು ಬದಿ ನನಗೆ ಗೊತ್ತಿತ್ತು. ಸ್ವತಂತ್ರನಾಗುವ ಮೊದಲು ಒಂದು ಜಾಹೀರಾತು ಸಂಸ್ಥೆಯಲ್ಲಿ ಆರು ವರ್ಷ ದುಡಿದಿದ್ದೆ. ನಾನು ರಾತ್ರಿ ಕೂತು ಮಾಡಿದ ಪೋಸ್ಟರುಗಳನ್ನು ಹಗಲು ಬೇರೆಯವರು ವೇದಿಕೆ ಹತ್ತಿ ವಿವರಿಸುತ್ತಿದ್ದರು. ಆ ಸಿಟ್ಟಿನಿಂದಲೇ ಕೆಲಸ ಬಿಟ್ಟು ಬಂದಿದ್ದೆ. ಅನ್ಯಾಯ ಉಂಡವನಿಗೆ ಅದು ಬೇರೆಯವರ ತಟ್ಟೆಯಲ್ಲಿದ್ದರೂ ಗುರುತು ಸಿಗುತ್ತದೆ ಎಂದುಕೊಂಡಿದ್ದೆ. ಬಡಿಸುವ ಸೌಟು ನನ್ನ ಕೈಯಲ್ಲಿದ್ದಾಗ ಸಿಗಲಿಲ್ಲ.

ಪುಣೆಯಿಂದ ಲೋಣಾವಳಾ ಲೋಕಲ್ ಹತ್ತಿದರೆ ನಡುವೆ ಮಳವಲಿ ಎಂಬ ಸಣ್ಣ ನಿಲ್ದಾಣ ಬರುತ್ತದೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಮುದ್ರಣಾಲಯ ಆಮೇಲೆ ಈ ಮಳವಲಿಯ ಕಡೆಗೆ ಬಂತು. ನಮ್ಮ ಅಜ್ಜಿಯಂದಿರ ದೇವರಮನೆಯ ಲಕ್ಷ್ಮಿ, ಸರಸ್ವತಿಯರು ಇಂಥ ಕಡೆಯಿಂದ ಬಂದವರು. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಮೂಲಚಿತ್ರ ನೋಡಿ ಆ ಕಲ್ಲುಗಳ ಮೇಲೆ ಬಣ್ಣಬಣ್ಣವಾಗಿ ಬಿಡಿಸುವುದು ಬೇರೆಯೇ ಕೈಗಳ ಕೆಲಸ. ಎಷ್ಟೋ ಮನೆಗಳಲ್ಲಿ ಆ ಅಚ್ಚಿನ ದೇವಿಯರಿಗೆ ಜರಿ, ಮಣಿ ಹೊಲಿದು ಸೀರೆಯನ್ನೂ ಉಡಿಸುತ್ತಿದ್ದರು. ಮಳವಲಿ ದಾಟುವಾಗಲೆಲ್ಲ ನಾನು ಲೆಕ್ಕ ಹಾಕುತ್ತೇನೆ: ಬರೆದವನು, ಕಲ್ಲಿಗಿಳಿಸಿದವನು, ಅಚ್ಚು ಹಾಕಿದವನು, ಮಣಿ ಹೊಲಿದವಳು. ನಮ್ಮ ಬಾಯಿಗೆ ಬರುವುದು ಒಂದೇ ಹೆಸರು.

ನನಗೆ ನಾನೇ ಹೇಳಿಕೊಂಡ ಸಮಾಧಾನಗಳು ಮೂರು. ಮೊದಲನೆಯದು, ಕಲ್ಪನೆ ನನ್ನದು, ಕೈ ಮಾತ್ರ ಅವರದು. ಇದು ಸುಳ್ಳು, ತೋರಣದ ಕಲ್ಪನೆ ಅವರದು. ಎರಡನೆಯದು, ದುಡ್ಡು ಕೊಟ್ಟಿದ್ದೇನಲ್ಲ. ಕೊಟ್ಟದ್ದು ಹೊಲಿಗೆಗೆ, ಯೋಚನೆಗಲ್ಲ. ಮೂರನೆಯದು ಸ್ವಲ್ಪ ಗಟ್ಟಿ: ಕಸೂತಿ ಪರಂಪರೆಯ ಸೊತ್ತು, ಯಾರೊಬ್ಬರದೂ ಅಲ್ಲ. ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ ನಿಜ. ಆದರೆ ಅದು ಕಾಯುವುದು ಒಂದು ಸೀಮೆಯ ಹೆಸರನ್ನು, ಒಬ್ಬ ಹೆಂಗಸಿನ ಹೆಸರನ್ನಲ್ಲ. ನಾನೂ ಪರಂಪರೆಯಿಂದಲೇ ತೇರನ್ನು ತೆಗೆದುಕೊಂಡೆ. ಅದೇ ತೇರು ಲ್ಯಾಪ್‌ಟಾಪಿಗೆ ಬಂದಾಗ ‘ವಿನ್ಯಾಸ’, ಕಾಕುವಿನ ಸೂಜಿಗೆ ಹೋದಾಗ ‘ಪರಂಪರೆ’ ಆಗುವುದು ಹೇಗೆ?

ಕಾಯ್ದೆಯನ್ನೂ ತೆಗೆದು ನೋಡಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೂಡಿ ಮಾಡಿದ ಕೃತಿಯಲ್ಲಿ ಒಬ್ಬರ ಕೊಡುಗೆಯನ್ನು ಇನ್ನೊಬ್ಬರದರಿಂದ ಬೇರ್ಪಡಿಸಲಾಗದಿದ್ದರೆ ಅದು ಜಂಟಿ ಕೃತಿ. ಹಕ್ಕುಗಳನ್ನು ಮಾರಿದ ಮೇಲೂ ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ ಎನ್ನುತ್ತದೆ ಅದರ 57ನೆಯ ಕಲಂ. ಆದರೆ ಆ ಹಕ್ಕು ಕೇಳಿದವರಿಗೆ. ಕೇಳುವುದೇ ಗೊತ್ತಿಲ್ಲದವರ ಪಾಲನ್ನು ಕಾಯುವ ಕೆಲಸ ಎದುರಿಗೆ ಕೂತವನ ಮನಸ್ಸಿಗೆ ಬಿಟ್ಟದ್ದು.

ದೀಪಾವಳಿಗೆ ಊರಿಗೆ ಹೋದಾಗ ಕಾಕು ಮುಂದೆ ಕೂತು ಹೇಳಿದೆ, ಫಲಕದ ಮೇಲೆ ನಿಮ್ಮ ಹೆಸರನ್ನೂ ಹಾಕಿಸುತ್ತೇನೆ ಅಂತ. ಅವರ ಕಣ್ಣು ತುಂಬಬಹುದು ಎಂಬ ಆಸೆಯೂ ಒಳಗೆಲ್ಲೋ ಇತ್ತು. ಅವರು ಚಹಾ ಸೋಸುತ್ತಾ ಅಂದರು:

“ಹಾಕಸು, ಬ್ಯಾಡ ಅನ್ನಂಗಿಲ್ಲ. ಆದ್ರ ಇದ್ರಾಗ ನಿನಗ ಎಷ್ಟ್ ಬಂತು, ಅದನ್ನ ಹೇಳು ಮೊದಲ.”

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಯಲಿಲ್ಲ. “ಚಹಾ ಆರತೈತಿ, ಕುಡಿ” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ನನಗೆ ಅರ್ಥವಾದದ್ದು ಇಷ್ಟು. ನಾನು ಹೆಸರನ್ನು ಕೊಡುಗೆ ಅಂದುಕೊಂಡಿದ್ದೆ, ದೊಡ್ಡ ಮನಸ್ಸಿನಿಂದ ಕೊಡುವಂಥದ್ದು. ಅದು ಕೊಡುಗೆಯಲ್ಲ, ಸಾಲ. ಹೆಸರು ಕೊಟ್ಟು ಪಾಲು ಕೊಡದಿದ್ದರೆ ಅಸಲು ಹಾಗೇ ಉಳಿಯುತ್ತದೆ. ಪಾಲು ಕೊಟ್ಟು ಹೆಸರು ಮುಚ್ಚಿಟ್ಟರೆ ಮುಂದಿನ ಕೆಲಸ ಮತ್ತೆ ನನ್ನನ್ನೇ ಹುಡುಕಿಕೊಂಡು ಬರುತ್ತದೆ, ಅವರನ್ನಲ್ಲ. ಎರಡೂ ಬೇಕು. ಎಷ್ಟು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಎದುರುಬದುರು ಕೂತು ಮಾತಾಡಬೇಕು.

ಎರಡನೆಯ ಕೆಲಸದ ಹಣವನ್ನು ಖರ್ಚು ಕಳೆದು ಸಮ ಹಂಚಿಕೊಂಡೆವು. ಕಂಪನಿಗೆ ಬರೆಯಲು ಮಾತ್ರ ಮೂರು ವಾರ ತೆಗೆದುಕೊಂಡೆ. ತೋರಣ ನನ್ನದಲ್ಲ ಎಂದರೆ ಮೂರನೆಯ ಕೆಲಸ ಬರದೇ ಹೋದೀತು ಎಂಬ ಭಯ. ಕೊನೆಗೆ ಬರೆದೆ. “ಧಾರವಾಡದ ಕುಶಲಕರ್ಮಿಗಳ ಸಹಕಾರದೊಂದಿಗೆ” ಎಂದು ಹಾಕೋಣವೇ ಎಂದು ಕೇಳಿದರು. ಬೇಡ, ಹೆಸರೇ ಹಾಕಿ, ನನ್ನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಎಂದೆ. ಹಾಕಿದ್ದಾರೆ. ಮೂರನೆಯ ಕೆಲಸ ಇನ್ನೂ ಬಂದಿಲ್ಲ.

ನೀವೂ ಇಂಥದೇ ಯಾವುದೋ ಊರಿನಲ್ಲಿ, ಯಾವುದೋ ಕಚೇರಿಯಲ್ಲಿ, ಇನ್ನೊಬ್ಬರು ಅರ್ಧ ಮಾಡಿದ ಕೆಲಸದ ಕೆಳಗೆ ನಿಮ್ಮ ಹೆಸರು ಬರೆದಿರಬಹುದು. ಎರಡು ನಿಮಿಷದ ಕೆಲಸ ಅದು. ತಿದ್ದಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಗವಂತಿಯ ದಾರದ ಹಾಗೆ, ಹೋದ ದಾರಿಯಲ್ಲೇ ಹಿಂದೆ ಬಂದು ಬಿಟ್ಟ ಎಡೆಗಳನ್ನು ತುಂಬಬೇಕು.